ಸತ್ತ ಮಂಗನಿಂದ ಐವತ್ತು ಮೀಟರ್

ಬೆಳಗ್ಗೆ ಎಂಟೂಮುಕ್ಕಾಲು. ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಯ ಅಂಗಳದಲ್ಲಿ ನಿಂತ ಜೀಪಿನ ಗಾಜಿನಿಂದ ಜನವರಿಯ ಇಬ್ಬನಿ ಇಳಿಯುತ್ತಿದೆ. ಒಳಗೆ ಇನ್ನೂ ಗುಡಿಸಿ ಮುಗಿದಿಲ್ಲ, ಹಾಗಾಗಿ ಎಲ್ಲರೂ ಜಗಲಿಯ ಮೇಲೆ. ಕಿಟಕಿಯಿಂದ ಕಾಣುವ ಗೋಡೆಯಲ್ಲಿ ತಾಲ್ಲೂಕಿನ ನಕ್ಷೆ. ಹಿನ್ನೀರಿನ ನೀಲಿ ಮುಗಿದು ಕಾಡಿನ ಹಸಿರು ಶುರುವಾಗುವ ಅಂಚಿನಲ್ಲಿ ಗುಂಡುಪಿನ್ನುಗಳು ಒತ್ತೊತ್ತಾಗಿ ಚುಚ್ಚಿಕೊಂಡಿವೆ. ಕೆಂಪು ತಲೆಯವು ಕಾಯಿಲೆ ಬಿದ್ದ ಮನುಷ್ಯರು, ಕಪ್ಪು ತಲೆಯವು ಸತ್ತ ಮಂಗಗಳು.

ಆರೋಗ್ಯ ನಿರೀಕ್ಷಣಾಧಿಕಾರಿಯ ಫೋನು ಹೊಡೆದುಕೊಳ್ಳುತ್ತದೆ. ಹುದ್ದೆಯ ಹೆಸರು ಬದಲಾಗಿದ್ದರೂ ಊರವರ ಬಾಯಲ್ಲಿ ಅವರು ಇವತ್ತಿಗೂ ಹೆಲ್ತ್ ಇನ್ಸ್‌ಪೆಕ್ಟ್ರು. ಆ ಕಡೆಯಿಂದ ಆಶಾ ಕಾರ್ಯಕರ್ತೆಯ ಗಟ್ಟಿ ದನಿ, ಸ್ಪೀಕರ್ ಹಾಕದಿದ್ದರೂ ಜಗಲಿಗೆಲ್ಲ ಕೇಳುತ್ತದೆ.

"ಸರ್, ಸೊಪ್ಪಿನಬೆಟ್ಟದಲ್ಲಿ ಒಂದು ಮಂಗ ಬಿದ್ದದೆ. ದರಗು ತರಕ್ಕೆ ಹೋದೋರು ನೋಡ್ಕಂಡು ಬಂದ್ರು."

"ಕೆಂಪು ಮಂಗನೋ, ಮುಸಿಯವೋ?"

"ಕೆಂಪು."

"ವಾಸನೆ ಹೊಡೀತದಾ?"

"ಇಲ್ಲಂತೆ. ನಿನ್ನೆ ಸಂಜೆ ಅಲ್ಲಿ ಇರಲಿಲ್ವಂತೆ."

"ಯಾರೂ ಹತ್ರ ಹೋಗಬ್ಯಾಡಿ ಅನ್ನು. ನಾಯಿಗಳನ್ನ ಕಟ್ಟಾಕ್ಸು. ಬಂದ್ವಿ."

ಇನ್ಸ್‌ಪೆಕ್ಟರ್ ಮತ್ತೆರಡು ಕಡೆ ಫೋನು ಮಾಡುತ್ತಾರೆ, ಪಶುವೈದ್ಯರಿಗೊಂದು, ಅರಣ್ಯ ಇಲಾಖೆಯ ಗಾರ್ಡಿಗೊಂದು. ಆಮೇಲೆ ಜಗಲಿಯ ತುದಿಯಲ್ಲಿ ಚಹಾ ಲೋಟ ಹಿಡಿದು ನಿಂತ ಇಬ್ಬರ ಕಡೆ ತಿರುಗುತ್ತಾರೆ. "ಪೂರ್ತಿ ತೋಳಿನ ಅಂಗಿ ಹಾಕಿದೀರಲ್ಲ? ಸರಿ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸಿಗಿಸ್ಕಳಿ. ಹತ್ತಿ."

ಆ ಇಬ್ಬರೂ ಇಲಾಖೆಯ ನೌಕರರಲ್ಲ. ಹುಡುಗಿ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿರುವವಳು. ಎಂಪಿಎಚ್ ಎರಡನೇ ವರ್ಷ, ಊರು ಚಿತ್ರದುರ್ಗದ ಕಡೆ, ಕಾಲೇಜಿನಿಂದ ಎರಡು ತಿಂಗಳ ಇಂಟರ್ನ್‌ಶಿಪ್ಪಿಗೆ ಬಂದಿದ್ದಾಳೆ. ಹುಡುಗ ಎಂಬಿಬಿಎಸ್ ಮುಗಿಸಿದ ಹೌಸ್ ಸರ್ಜನ್, ಕಲಬುರಗಿಯವನು. ಒಂದು ವರ್ಷದ ಹೌಸ್ ಸರ್ಜನ್ಸಿಯಲ್ಲಿ 12 ವಾರ ಸಮುದಾಯ ವೈದ್ಯಶಾಸ್ತ್ರಕ್ಕೆ ಕೊಡಬೇಕೆಂಬುದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮ. ಆ ವಾರಗಳನ್ನು ನೀಟ್ ಪಿಜಿ ಓದಿಗೆ ಸಿಕ್ಕ ಬಿಡುವು ಎಂದುಕೊಳ್ಳುವವರು ಕಡಿಮೆಯೇನಿಲ್ಲ. ಈ ಹುಡುಗನ ಚೀಲದಲ್ಲೂ ದಪ್ಪನೆಯ ಪ್ರಶ್ನೋತ್ತರದ ಪುಸ್ತಕವಿದೆ. ಬಂದಾಗಿನಿಂದ ಅದನ್ನು ಹೊರಗೆ ತೆಗೆಯುವುದಕ್ಕೆ ಮಾತ್ರ ಆಗಿಲ್ಲ.

ಸರ್ಕಾರಿ ಕಚೇರಿಗೆ ಬಂದ ಇಂಟರ್ನ್‌ಗೆ ಕುರ್ಚಿ ಸಿಗಲು ವಾರ ಹಿಡಿಯಬಹುದು, ಎಕ್ಸೆಲ್ ಶೀಟು ಮೊದಲ ದಿನವೇ ಸಿಗುತ್ತದೆ. ಹುಡುಗಿಗೆ ಆದದ್ದೂ ಅದೇ. ಏಕೀಕೃತ ರೋಗ ಕಣ್ಗಾವಲು ಕಾರ್ಯಕ್ರಮ 2004ರಲ್ಲಿ ಶುರುವಾದಂದಿನಿಂದ ಮೂರು ನಮೂನೆಗಳು ಈ ಕಚೇರಿಗಳ ದಿನಚರಿ. ಆರೋಗ್ಯ ಕಾರ್ಯಕರ್ತೆ ಲಕ್ಷಣ ನೋಡಿ ತುಂಬುವ ಎಸ್ ಫಾರ್ಮು, ವೈದ್ಯರು ಅನುಮಾನದ ಮೇಲೆ ತುಂಬುವ ಪಿ ಫಾರ್ಮು, ಪ್ರಯೋಗಾಲಯದ ಎಲ್ ಫಾರ್ಮು. ಐಎಚ್‌ಐಪಿ ಪೋರ್ಟಲ್ ಬಂದ ಮೇಲೆ ಕಾಗದದಲ್ಲಿದ್ದದ್ದು ಪರದೆಗೆ ಹೋಯಿತು. ಅವಳು ಅಂಕಿ ತುಂಬುತ್ತ ಕೂತವಳು ಒಂದು ದಿನ ಇನ್ಸ್‌ಪೆಕ್ಟರ್ ಮೇಜಿನ ಹತ್ತಿರ ಬಂದು, "ಸರ್, ಈ ಊರಲ್ಲಿ ಜ್ವರ 7 ಅಂತ ಇದೆ. ಈ ಏಳೂ ಜನ ಒಂದೇ ಕೇರಿಯವರಾ?" ಎಂದು ಕೇಳಿದಳಂತೆ. ಅವರು ಒಂದು ಗಳಿಗೆ ಅವಳ ಮುಖ ನೋಡಿ, "ನಾಳೆಯಿಂದ ಜೀಪಲ್ಲಿ ಬಾರಮ್ಮ" ಅಂದರಂತೆ.

ವಿದ್ಯಾರ್ಥಿಗಳನ್ನು ಎರಡು ತಿಂಗಳು ಡೇಟಾ ಎಂಟ್ರಿಗೆ ಕೂರಿಸಿ, ಕೊನೆಯ ದಿನ ಲಾಗ್‌ಬುಕ್ಕಿಗೆ ರಾಶಿ ಸಹಿ ಹಾಕಿ ಕಳಿಸುವ ಕಚೇರಿಗಳನ್ನು ನಾನು ನೋಡಿದ್ದೇನೆ. ಅಲ್ಲಿಂದ ಹೊರಟವರಿಗೆ ಪ್ರಮಾಣಪತ್ರ ಸಿಗುತ್ತದೆ, ಜ್ವರ ಬಂದ ಒಂದು ಮನೆಯ ಬಾಗಿಲು ಹೇಗಿರುತ್ತದೆಂದು ಗೊತ್ತಿರುವುದಿಲ್ಲ. ಅದಕ್ಕೆ ಹೋಲಿಸಿದರೆ ಈ ಜೀಪಿನ ಹಿಂದಿನ ಸೀಟು ದೊಡ್ಡ ಪಾಠಶಾಲೆ.

ಸೀಟಿನ ಕೆಳಗೆ ರಟ್ಟಿನ ಡಬ್ಬ, ಅದರ ತುಂಬ ಡೆಪಾ ಎಣ್ಣೆಯ ಬಾಟಲಿಗಳು. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಎಣ್ಣೆ ಕೀಟಗಳನ್ನು ಮೈಗೆ ಹತ್ತಗೊಡುವುದಿಲ್ಲ. ಮೊದಲು ಇದೇ ಕೆಲಸಕ್ಕೆ ಡಿಎಂಪಿ ತೈಲ ಹಂಚುತ್ತಿದ್ದರು. ಎಲ್ಲರೂ ಕೈಗೆ, ಕುತ್ತಿಗೆಗೆ, ಕಣಕಾಲಿಗೆ ಹಚ್ಚಿಕೊಳ್ಳುತ್ತಾರೆ. ಟಾರು ರಸ್ತೆ ಮುಗಿದು ಕೆಂಪು ಮಣ್ಣಿನ ದಾರಿ, ಎರಡೂ ಕಡೆ ಅಡಿಕೆ ತೋಟದ ಬೇಲಿ. ಇನ್ಸ್‌ಪೆಕ್ಟರ್ ಮುಂದಿನ ಸೀಟಿನಿಂದ ಕತ್ತು ತಿರುಗಿಸಿ ಕತೆ ಹೇಳುತ್ತಿದ್ದಾರೆ, ಇಂಜಿನ್ ಸದ್ದನ್ನು ಮೀರಿಸುವ ದನಿಯಲ್ಲಿ.

1957. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು, ಅದರ ಬೆನ್ನಿಗೇ ಜನರಿಗೆ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಆ ರೋಗ ಏಷ್ಯಾಕ್ಕೂ ಕಾಲಿಟ್ಟಿತೇ ಎಂಬ ಹೆದರಿಕೆ. ಸತ್ತ ಮಂಗದಿಂದ ಬೇರ್ಪಡಿಸಿದ ವೈರಸ್ಸು ಹಳದಿ ಜ್ವರದ್ದಲ್ಲ ಎಂದು ಗೊತ್ತಾಯಿತು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ಅದು ದಾಯಾದಿ. ಕಾಡಿನ ಹೆಸರೇ ರೋಗಕ್ಕೂ ಆಯಿತು: ಕ್ಯಾಸನೂರು ಕಾಡಿನ ಕಾಯಿಲೆ, ಕಚೇರಿಯ ಕಾಗದದಲ್ಲಿ ಕೆಎಫ್‌ಡಿ, ಊರಲ್ಲಿ ಮಂಗನ ಕಾಯಿಲೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ದೊಡ್ಡದಾಗಿ ಎದ್ದಿತು. 2012ರಿಂದ ಈಚೆಗೆ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಿತು.

"2018 ಡಿಸೆಂಬರ್‌ನಲ್ಲಿ ನಮ್ಮ ಸಾಗರದ ಅರಳಗೋಡಲ್ಲಿ ಶುರುವಾತಲ್ಲ," ಎಂದವರು ಅಲ್ಲಿಗೇ ನಿಲ್ಲಿಸುತ್ತಾರೆ. ಡ್ರೈವರ್ ಗೇರು ಬದಲಿಸುತ್ತಾನೆ. ಆ ಸಲದ ಸಾವುಗಳ ಬಗ್ಗೆ ಈ ಜೀಪಿನಲ್ಲಿ ಯಾರೂ ಸುಲಭವಾಗಿ ಮಾತಾಡುವುದಿಲ್ಲ.

ಪುಣೆಯ ಆ ವೈರಸ್ ಸಂಶೋಧನಾ ಕೇಂದ್ರವನ್ನು 1952ರಲ್ಲಿ ಹುಟ್ಟುಹಾಕಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ. ಅದೇ ಫೌಂಡೇಶನ್ನಿನ ನೆರವಿನಿಂದ 1930ರ ದಶಕದಲ್ಲೇ ಮೈಸೂರು ಸಂಸ್ಥಾನ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಹಳ್ಳಿಗಳ ಆರೋಗ್ಯ ಮತ್ತು ತರಬೇತಿ ಘಟಕ ತೆರೆದಿತ್ತು. ಕಲಿಯುವವರು ಊರೊಳಗೆ ನಡೆದೇ ಕಲಿಯಬೇಕೆಂಬ ಯೋಚನೆ ನಮ್ಮ ನಾಡಿಗೆ ಹೊಸತಲ್ಲ.

ಜೀಪು ನಿಂತಿದೆ. ಮುಂದೆ ಕಾಲುದಾರಿ.

ಸೊಪ್ಪಿನಬೆಟ್ಟ ಎಂದರೆ ಅಡಿಕೆ ತೋಟಕ್ಕೆ ಸೊಪ್ಪು, ಒಣ ಎಲೆ ತೆಗೆಯಲು ಬಿಟ್ಟುಕೊಟ್ಟ ಕಾಡು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಎಲೆ ಉದುರುವ ಕಾಲ. ದರಗು ಗುಡಿಸಿ, ಜಲ್ಲೆಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಕೊಟ್ಟಿಗೆಗೆ ತರುತ್ತಾರೆ. ದನದ ಕಾಲಡಿ ಹಾಸಾಗಿ, ಮುಂದೆ ಗೊಬ್ಬರವಾಗಿ ಅದು ತೋಟ ಸೇರುತ್ತದೆ. ಅದೇ ತಿಂಗಳುಗಳಲ್ಲಿ ಉಣುಗಿನ ಮರಿಗಳು ಅದೇ ಎಲೆಗಳ ಮೇಲೆ ಕಾಯುತ್ತಿರುತ್ತವೆ. ಮನುಷ್ಯರಿಗೆ ರೋಗ ದಾಟಿಸುವುದು ಹೆಚ್ಚಾಗಿ ಈ ಮರಿಗಳೇ, ಸಾಸಿವೆ ಕಾಳಿಗಿಂತ ಚಿಕ್ಕವು. ಕಚ್ಚಿದ್ದು ಅನೇಕರಿಗೆ ಗೊತ್ತೂ ಆಗುವುದಿಲ್ಲ.

ಮತ್ತಿ ಮರವೊಂದರ ಬುಡದಲ್ಲಿ ಮಂಗ ಮಗ್ಗುಲಾಗಿ ಬಿದ್ದಿದೆ. ಮೈಮೇಲೆ ಗಾಯವಿಲ್ಲ. ಒಂದು ಕೈ ಎಲೆಗಳನ್ನು ಬಿಗಿಯಾಗಿ ಹಿಡಿದಂತಿದೆ. ಪಶುವೈದ್ಯರು ಬಿಳಿ ರಕ್ಷಾ ಉಡುಪು ತೊಟ್ಟು, ಕೈಗೆ ಒಂದರ ಮೇಲೊಂದು ಗ್ಲೌಸ್ ಏರಿಸುತ್ತಿದ್ದಾರೆ. ಬೆಳಗಿನ ಚಳಿಯಲ್ಲೂ ಅವರ ಕನ್ನಡಕ ಬೆವರಿಗೆ ಮಬ್ಬಾಗಿದೆ. ಶವಪರೀಕ್ಷೆ ಇಲ್ಲೇ ಆಗಬೇಕು, ಮಾದರಿಗಳು ಇವತ್ತೇ ತಣ್ಣನೆಯ ಪೆಟ್ಟಿಗೆಯಲ್ಲಿ ಹೊರಡಬೇಕು. ಹೆಣ ಸುಡಲು ಗಾರ್ಡ್ ಒಣ ಕಟ್ಟಿಗೆ ಒಟ್ಟುತ್ತಿದ್ದಾನೆ. ಇಂಟರ್ನ್‌ಗಳು ಹತ್ತಿರ ಹೋಗುವಂತಿಲ್ಲ. ಪ್ರಯೋಗಾಲಯದ ಸಿಬ್ಬಂದಿಗೇ ಸೋಂಕು ತಗುಲಿಸಿದ ಚರಿತ್ರೆ ಈ ವೈರಸ್ಸಿಗಿದೆ.

ಹುಡುಗಿಯ ಕೈಗೆ ಅಳತೆಯ ಟೇಪು ಬರುತ್ತದೆ. ಮಂಗ ಬಿದ್ದ ಜಾಗದಿಂದ ಸುತ್ತ ಐವತ್ತು ಮೀಟರ್. ಅವಳು, ಹುಡುಗ, ಇನ್ನೊಬ್ಬ ಸಿಬ್ಬಂದಿ ಸೇರಿ ನಾಲ್ಕೂ ದಿಕ್ಕಿಗೆ ಅಳೆದು ಮರಗಳಿಗೆ ಕೆಂಪು ರಿಬ್ಬನ್ ಕಟ್ಟುತ್ತಾರೆ. ಆ ಸುತ್ತಿನೊಳಗೆ ಮೆಲಾಥಿಯಾನ್ ಪುಡಿ ಬೀಳುತ್ತದೆ. ಮೂಗಿಗೆ ಕಟ್ಟಿದ ಬಟ್ಟೆ ದಾಟಿ ಅದರ ಘಾಟು ಗಂಟಲಿಗೆ ಇಳಿಯುತ್ತದೆ.

"ಐವತ್ತೇ ಯಾಕೆ ಸರ್?" ಹುಡುಗ ಕೇಳುತ್ತಾನೆ.

"ಮಂಗ ಸತ್ತು ಮೈ ತಣ್ಣಗಾದ್ರೆ ಉಣುಗು ಅದನ್ನ ಬಿಟ್ಟು ಇಳೀತವೆ. ಮರಿಗಳು ಬಾಳಾ ದೂರ ನಡಿಯಲ್ಲ, ಅಲ್ಲೇ ಎಲೆ ಮೇಲೆ ಕೂತು ಇನ್ಯಾರಾದ್ರೂ ಬರ್ತಾರಾ ಅಂತ ಕಾಯ್ತವೆ. ಸಾಯೋ ಮುಂಚೆ ಈ ಮಂಗ ಎಲ್ಲೆಲ್ಲಿ ಸುಸ್ತಾಗಿ ಕೂತಿತ್ತೋ ಯಾರು ಕಂಡಿದಾರೆ? ಕಾಡಿಗೆಲ್ಲ ಪುಡಿ ಹಾಕಕ್ಕೆ ಆಗ್ತದಾ? ಒಂದು ಕಡೆ ಗೆರೆ ಎಳೀಬೇಕಲ್ಲ."

ಆಮೇಲೆ ಹುಡುಗಿಗೆ, "ನಿನ್ನ ಕೆಲಸ ಗೆರೆಯಿಂದ ಆಚೆ. ಈ ವಾರ ಈ ಬೆಟ್ಟಕ್ಕೆ ಯಾರ್ಯಾರು ಬಂದಿದ್ರು, ಬರಕಾ" ಎನ್ನುತ್ತಾರೆ.

ಗುಲಾಬಿ ಸೀರೆಯ ಆಶಾ ಅಕ್ಕ ಅಷ್ಟು ಹೊತ್ತಿಗೆ ಬೇಲಿಯ ಆಚೆ ಜನ ಸೇರಿಸಿದ್ದಾಳೆ. ಹುಡುಗಿ ನೋಟ್‌ಬುಕ್ ತೆರೆಯುತ್ತಾಳೆ. ಬರೆಯುತ್ತ ಹೋದ ಹಾಗೆ ಅವಳ ಹುಬ್ಬು ಗಂಟಾಗುತ್ತದೆ. ಬೆಟ್ಟಕ್ಕೆ ಬಂದವರೆಲ್ಲ ಹೆಂಗಸರು. ಒಬ್ಬನೇ ಒಬ್ಬ ಗಂಡಸು, ಅವನೂ ಕಳೆದುಹೋದ ಎಮ್ಮೆ ಹುಡುಕಿಕೊಂಡು ಬಂದವನು. "ಅಕ್ಕಾ, ಎಣ್ಣೆ ಹಂಚಿದ ರಿಜಿಸ್ಟರ್ ತಂದಿದೀರಾ?" ಆಶಾ ಅಕ್ಕ ಚೀಲದಿಂದ ತೆಗೆದುಕೊಡುತ್ತಾಳೆ. ಬಾಟಲಿ ತೆಗೆದುಕೊಂಡವರ ಸಹಿಯ ಕಾಲಮ್ಮಿನಲ್ಲಿ ಹೆಚ್ಚಿನವು ಮನೆ ಯಜಮಾನರದ್ದು. ಹಂಚಿಕೆ ಆದದ್ದು ಗ್ರಾಮಸಭೆಯ ದಿನ, ಸಭೆಗೆ ಬಂದವರು ಅವರು. ಹುಡುಗಿ ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾಳೆ. ಏನೂ ಹೇಳುವುದಿಲ್ಲ.

ಹನ್ನೊಂದರ ಹೊತ್ತಿಗೆ ಮನೆಮನೆಯ ಜ್ವರ ಸಮೀಕ್ಷೆ. ಮಲೆನಾಡಿನ ಮನೆಮನೆ ಎಂದರೆ ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ಗದ್ದೆ ಕೋವು, ಒಂದು ಕಾಲುಸಂಕ, ಒಂದು ನಾಯಿ. ಮೊದಲ ಮನೆಯ ಅಂಗಳದಲ್ಲಿ ಅಡಿಕೆ ಹರವಿದೆ. ಜಗಲಿಯಲ್ಲಿ ಕವಳ ಹಾಕುತ್ತ ಕೂತ ಯಜಮಾನರು ತಲೆ ಎತ್ತದೆ ಕೇಳುತ್ತಾರೆ.

"ಸರ್ಕಾರದೋರಾ?"

ಹುಡುಗಿ ಕೊರಳಿನ ಗುರುತಿನ ಚೀಟಿ ಮುಟ್ಟಿಕೊಳ್ಳುತ್ತಾಳೆ. ಅದರಲ್ಲಿರುವುದು ಕಾಲೇಜಿನ ಹೆಸರು. "ಹೌದು ಅಜ್ಜ, ಆರೋಗ್ಯ ಇಲಾಖೆಯಿಂದ ಬಂದಿದೀವಿ. ಮನೇಲಿ ಯಾರಿಗಾದ್ರೂ ಜ್ವರ ಇದೆಯಾ?"

"ಜ್ವರ ಇಲ್ಲ. ನೀ ಮೊದಲು ಒಂದು ಹೇಳು ತಂಗಿ. ಇಂಜಕ್ಷನ್ ಎಂತಕ್ಕೆ ನಿಲ್ಸಿದ್ರಿ?"

ಇನ್ಸ್‌ಪೆಕ್ಟರ್ ಅಂಗಳದಲ್ಲೇ ನಿಂತಿದ್ದಾರೆ. ಈ ಪ್ರಶ್ನೆಯನ್ನು ಎಷ್ಟೋ ಜಗಲಿಗಳಲ್ಲಿ ಕೇಳಿಸಿಕೊಂಡವರು ಅವರು. ಇವತ್ತು ಉತ್ತರಿಸುವ ಸರದಿ ಅವಳದ್ದಾಗಲಿ ಎಂಬಂತೆ ಅಡಿಕೆಯೊಂದನ್ನು ಕೈಗೆತ್ತಿಕೊಂಡು ನೋಡುತ್ತಿದ್ದಾರೆ.

"ನಾನು ಮೂರು ಸಲ ಚುಚ್ಚಿಸ್ಕಂಡೀನಿ. ತೋಳು ಬಾವು ಬಂದು ಎರಡು ದಿನ ಮರ ಹತ್ತಕ್ಕೆ ಆಗ್ಲಿಲ್ಲ. ಪ್ರತಿ ವರ್ಷ ತಗಳ್ಳಿ ತಗಳ್ಳಿ ಅಂತ ಬೆನ್ನು ಬಿದ್ರು. ಈಗ ಅದು ಸರಿ ಇಲ್ಲ, ನಿಲ್ಸಿದೀವಿ ಅಂತೀರಿ. ಹಂಗಾದ್ರೆ ಅವತ್ತು ಚುಚ್ಚಿದ್ದು ಎಂತದು, ನೀರಾ?"

ಅವಳಿಗೆ ಅಂಕಿಗಳು ಗೊತ್ತು. ಲಸಿಕೆ ಬಳಕೆಗೆ ಬಂದದ್ದು 1990ರಲ್ಲಿ. 2005ರಿಂದ 2010ರವರೆಗಿನ ಕರ್ನಾಟಕದ ದಾಖಲೆಗಳನ್ನು ಅಧ್ಯಯನ ಮಾಡಿದಾಗ ಎರಡು ಡೋಸಿನಿಂದ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಕಂಡುಬಂದಿತ್ತು. ಮುಂದೆ ಅದರ ಸಾಮರ್ಥ್ಯ ಸಾಲದೆಂದು 2022ರಲ್ಲಿ ಕೊಡುವುದನ್ನೇ ನಿಲ್ಲಿಸಲಾಯಿತು. ಪರೀಕ್ಷೆಯಲ್ಲಾದರೆ ಇಷ್ಟು ಬರೆದರೆ ಪೂರ್ತಿ ಅಂಕ. ಇಲ್ಲಿ ಎದುರಿಗಿರುವವರು ಶೇಕಡಾವಾರು ಕೇಳಿಲ್ಲ.

ಅವಳು ಜಗಲಿಯ ಅಂಚಿಗೆ ಕೂರುತ್ತಾಳೆ. "ನೀರಲ್ಲ ಅಜ್ಜ. ಇಂಜಕ್ಷನ್ ಇಲ್ಲದ ಹತ್ತು ಜನಕ್ಕೆ ಕಾಯಿಲೆ ಬರೋ ಕಡೆ, ಎರಡು ಸಲ ತಗೊಂಡೋರಲ್ಲಿ ನಾಲ್ಕು ಜನಕ್ಕೆ ಬರ್ತಿತ್ತು. ಬೂಸ್ಟರೂ ತಗೊಂಡಿದ್ರೆ ಇನ್ನೂ ಕಡಿಮೆ. ಆಮೇಲೆ ಅದು ಅಷ್ಟು ಕೆಲಸ ಮಾಡ್ತಿಲ್ಲ ಅಂತ ಗೊತ್ತಾಯ್ತು. ಗೊತ್ತಾದ ಮೇಲೂ ಚುಚ್ಚಿದ್ರೆ ನಿಮಗೆ ಮೋಸ ಮಾಡಿದಂಗೆ ಅಲ್ವಾ? ಇಂಜಕ್ಷನ್ ಆಗಿದೆ ಅನ್ನೋ ಧೈರ್ಯದ ಮೇಲೆ ನೀವು ಎಣ್ಣೆ ಹಚ್ಚದೆ ಕಾಡಿಗೆ ಹೋಗಿರೋರು."

"ಹೊಸದು ಯಾವಾಗ ಬರ್ತದೆ?"

"ಮಾಡ್ತಾ ಇದಾರೆ. ಐಸಿಎಂಆರ್‌ನವರು, ಹೈದರಾಬಾದಿನ ಒಂದು ಕಂಪನಿ ಸೇರಿ. ಯಾವಾಗ ಅಂತ ನಾನು ಹೇಳಿದ್ರೆ ಸುಳ್ಳಾಗ್ತದೆ."

ಯಜಮಾನರು ಕವಳ ಉಗುಳಿ ಬರುತ್ತಾರೆ. ಸಿಟ್ಟು ಇಳಿದಂತೆ ಕಾಣುವುದಿಲ್ಲ, ಆದರೆ ಒಳಗೆ ತಿರುಗಿ "ಮಜ್ಜಿಗೆ ತಗಬಾರೇ, ನಾಲ್ಕು ಲೋಟ" ಎಂದು ಕೂಗುತ್ತಾರೆ. ಇಲಾಖೆಯಲ್ಲಿ ಅವಳಿಗೊಂದು ಹುದ್ದೆಯಿಲ್ಲ, ಸಂಬಳವಿಲ್ಲ, ಲಸಿಕೆಯ ತೀರ್ಮಾನದಲ್ಲಿ ಕೈಯೂ ಇಲ್ಲ. ಈ ಜಗಲಿಯ ಮೇಲೆ ಮಾತ್ರ 1990ರಿಂದ ಈಚೆಗಿನ ಸರ್ಕಾರವೆಲ್ಲ ಅವಳೇ. ಇದನ್ನು ಯಾವ ಸಿಲೆಬಸ್ಸಿನಲ್ಲಿ ಹೇಗೆ ಬರೆಯುತ್ತಾರೋ ನನಗೆ ತಿಳಿಯದು. ಬರೆಯದಿದ್ದರೂ ನಡೆಯುತ್ತದೆ, ಕಲಿಯಲು ಜಗಲಿಗೆ ಕಳಿಸಿದರೆ ಸಾಕು.

ಮಜ್ಜಿಗೆ ತಂದ ಅಮ್ಮನನ್ನು ಹುಡುಗಿ ಕೇಳುತ್ತಾಳೆ. "ಎಣ್ಣೆ ಬಾಟಲಿ ಎಲ್ಲಿದೆ ಅಮ್ಮ?" ದೇವರ ಕೋಣೆಯ ಪಕ್ಕದ ಗೂಡಿನಿಂದ ಅದು ಹೊರಬರುತ್ತದೆ, ಸೀಲು ಒಡೆಯದೆ. "ಇವ್ರು ಸಭೆಯಿಂದ ತಂದಿಟ್ರು. ಎಂತಕ್ಕೆ ಅಂತ ನಂಗೆ ಹೇಳ್ಲಿಲ್ಲ." ಬೆಟ್ಟಕ್ಕೆ ಹೋಗುವವರು ಇದೇ ಅಮ್ಮ.

ಹೊಳೆಯ ಬದಿಯ ಮನೆಯಲ್ಲಿ ಜ್ವರ ಸಿಗುತ್ತದೆ. ಹೆಂಚಿನ ಪುಟ್ಟ ಮನೆ, ಒಳಗೆ ಕತ್ತಲೆ. ನಲವತ್ತರ ಆಸುಪಾಸಿನ ಹೆಂಗಸು ಕಂಬಳಿ ಹೊದ್ದು ಗೋಡೆಗೆ ಒರಗಿದ್ದಾಳೆ. ಬೇರೆಯವರ ತೋಟಕ್ಕೆ ಕೂಲಿಗೆ ಹೋಗುವವಳು. ಹೌಸ್ ಸರ್ಜನ್ ಹುಡುಗ ಮೊಣಕಾಲೂರಿ ಕೂರುತ್ತಾನೆ. ಕಣ್ಣು ಕೆಂಪಾಗಿದೆ, ಸೊಂಟ ತೊಡೆಗಳಲ್ಲಿ ತಡೆಯಲಾರದ ನೋವು. ಒಸಡು ನೋಡುತ್ತಾನೆ, ರಕ್ತವಿಲ್ಲ. ಮೈಮೇಲೆ ಏನಾದರೂ ಕಚ್ಚಿದ ಗುರುತಿದೆಯೇ ಎಂದು ಆಶಾ ಅಕ್ಕ ಸೀರೆ ಮರೆ ಮಾಡಿ ನೋಡುತ್ತಾಳೆ.

"ಜ್ವರ ಯಾವತ್ತು ಶುರುವಾತ್ರಿ ಅಕ್ಕಾ?"

"ಆತಲ್ಲ ಡಾಕ್ಟ್ರೇ, ಮೂರು ನಾಲ್ಕು ದಿನ."

"ಮೂರೋ ನಾಲ್ಕೋ?"

ಹುಡುಗ ಪಟ್ಟು ಹಿಡಿಯಲು ಕಾರಣವಿದೆ. ರೋಗ ಶುರುವಾದ ಮೊದಲ ಕೆಲವು ದಿನ ರಕ್ತದಲ್ಲಿ ವೈರಸ್ಸೇ ಇರುತ್ತದೆ, ಅದಕ್ಕೆ ಆರ್‌ಟಿಪಿಸಿಆರ್. ದಿನ ಕಳೆದಂತೆ ವೈರಸ್ ಕಡಿಮೆಯಾಗಿ ದೇಹ ತಯಾರಿಸಿದ ಪ್ರತಿಕಾಯ ಸಿಗುತ್ತದೆ, ಅದಕ್ಕೆ ಐಜಿಎಂ ಎಲೈಸಾ. ದಿನದ ಲೆಕ್ಕ ತಪ್ಪಿ ಒಂದೇ ಪರೀಕ್ಷೆ ಮಾಡಿದರೆ ಇರುವ ಕಾಯಿಲೆಯೂ ಇಲ್ಲವೆಂದು ಬರಬಹುದು. ಆಕೆಗೆ ತಾರೀ‌ಖು ನೆನಪಿಲ್ಲ. ಹುಡುಗಿ ಪಕ್ಕಕ್ಕೆ ಕೂತು ಬೇರೆ ದಾರಿ ಹಿಡಿಯುತ್ತಾಳೆ. ಸಂತೆಗೆ ಹೋಗಿದ್ರಾ? ಹೋಗಿದ್ದೆ. ಅವತ್ತು ಚೆನ್ನಾಗಿದ್ರಾ? ಬರ್ತಾ ಬಸ್ಸಲ್ಲಿ ಚಳಿ ಚಳಿ ಅನ್ನಿಸ್ತಿತ್ತು. ಅವತ್ತು ರಾತ್ರಿ ಊಟ ಮಾಡಿದ್ರಾ? ಇಲ್ಲ, ಮೀನು ತಂದಿದ್ದೆ, ಮಕ್ಕಳಿಗೆ ಮಾಡಿಕೊಟ್ಟು ಮಲಗಿದೆ. ಮೊಬೈಲಿನ ಕ್ಯಾಲೆಂಡರಿನಲ್ಲಿ ಸಂತೆಯ ದಿನ ಹುಡುಕಿ ಹುಡುಗಿ ಬರೆದುಕೊಳ್ಳುತ್ತಾಳೆ. ಇವತ್ತಿಗೆ ನಾಲ್ಕನೇ ದಿನ. ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ ಮೂರರಿಂದ ಎಂಟು ದಿನ ಹಿಡಿಯುತ್ತದೆ. ಹಾಗಾದರೆ ಆ ವಾರ ಯಾವ ಬೆಟ್ಟಕ್ಕೆ ಹೋಗಿದ್ದು, ಯಾರ ಜೊತೆ? ಪ್ರಶ್ನೆ ಅಲ್ಲಿಂದ ಮುಂದೆ ಹರಿಯುತ್ತದೆ, ಜೊತೆಗೆ ಹೋದವರ ಹೆಸರುಗಳೂ ಪಟ್ಟಿಗೆ ಸೇರುತ್ತವೆ.

ಆಸ್ಪತ್ರೆ ಎಂದ ಕೂಡಲೇ ಆಕೆ ತಲೆ ಆಡಿಸುತ್ತಾಳೆ. ಅಡಿಕೆ ಕೊನೆ ಕೊಯ್ಲಿನ ಹೊತ್ತು, ದಿನಗೂಲಿ ತಪ್ಪಿದರೆ ಆಯಿತು. "ಎರಡು ಮಾತ್ರೆ ಕೊಡಿ, ಸಾಕು." ಹುಡುಗ ಪ್ಯಾರಾಸಿಟಮಾಲ್ ಕೊಡುತ್ತಾನೆ. ಅಂಗಡಿಯಿಂದ ಬೇರೆ ನೋವಿನ ಮಾತ್ರೆ ತಂದು ನುಂಗಬಾರದು, ರಕ್ತಸ್ರಾವ ಹೆಚ್ಚಿಸಬಹುದು ಎಂದು ಎರಡು ಸಲ ಹೇಳುತ್ತಾನೆ. ಈ ಕಾಯಿಲೆಗೆಂದೇ ಔಷಧವಿಲ್ಲ. ದೇಹದ ನೀರು, ರಕ್ತದೊತ್ತಡ, ರಕ್ತಸ್ರಾವ ನೋಡಿಕೊಳ್ಳುತ್ತ ದಾಟಿಸಬೇಕು. ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ಜ್ವರ ಬಿಟ್ಟು ವಾರ ಎರಡು ವಾರದ ಮೇಲೆ ಕೆಲವರಿಗೆ ಮತ್ತೆ ಮರುಕಳಿಸುತ್ತದೆ, ಆಗ ತಲೆನೋವು, ನಡುಕ, ಗೊಂದಲ. ಇಷ್ಟೆಲ್ಲ ಹುಡುಗನ ತಲೆಯಲ್ಲಿ ಓಡುತ್ತಿರಬೇಕು, ಅವನ ದನಿ ಒರಟಾಗುತ್ತದೆ. "ಬರಲಿಲ್ಲಂದ್ರ ಹ್ಯಾಂಗ್ರಿ? ನಡೀರಿ ಮೊದಲ."

ಆಕೆಯನ್ನು ಏಳಿಸಿದ್ದು ಅವನ ದನಿಯಲ್ಲ. ಆಶಾ ಅಕ್ಕ ಒಲೆಯ ಹತ್ತಿರ ಹೋಗಿ ಅನ್ನದ ಪಾತ್ರೆ ಮುಚ್ಚಳ ತೆಗೆದು ನೋಡಿ, ಮಕ್ಕಳಿಗೆ ಸಂಜೆಗೆ ತನ್ನ ಮನೆಯಲ್ಲೇ ಊಟ ಎಂದು ಹೇಳಿ, ಆಕೆಯ ಸೀರೆಯ ಗಂಟು ಕಟ್ಟಲು ಶುರು ಮಾಡಿದಳು. ಹುಡುಗ ಕಂಬಳಿ ಮಡಚಿಕೊಟ್ಟ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೆಗೆದ ರಕ್ತದ ಮಾದರಿ ಮಧ್ಯಾಹ್ನದ ಹೊತ್ತಿಗೆ ಐಸ್‌ಪ್ಯಾಕ್ ತುಂಬಿದ ಪೆಟ್ಟಿಗೆಯಲ್ಲಿ ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ಹೊರಟಿತು.

ಮರುದಿನ ಬೆಳಗಿನ ಕೆಲಸ ಉಣುಗು ಹಿಡಿಯುವುದು. ಕೋಲಿಗೆ ಕಟ್ಟಿದ ಬಿಳಿ ಫ್ಲಾನೆಲ್ ಬಟ್ಟೆಯನ್ನು ದರಗಿನ ಮೇಲೆ ಎಳೆಯುತ್ತ ನಿಧಾನ ನಡೆಯಬೇಕು, ಕೆಲವು ಹೆಜ್ಜೆಗೊಮ್ಮೆ ತಿರುಗಿಸಿ ನೋಡಬೇಕು. ಮೊದಲ ಸುತ್ತಿಗೆ ಹುಡುಗನಿಗೆ ಬಟ್ಟೆಯ ಮೇಲೆ ಮಣ್ಣಿನ ಚುಕ್ಕೆಗಳಷ್ಟೇ ಕಾಣುತ್ತವೆ. ಕೀಟ ಸಂಗ್ರಹಕಾರರು ಚಿಮಟದ ತುದಿಯಿಂದ ಒಂದು ಚುಕ್ಕೆಯನ್ನು ಮುಟ್ಟುತ್ತಾರೆ. ಚುಕ್ಕೆ ನಡೆಯತೊಡಗುತ್ತದೆ. ಹುಡುಗ ತನ್ನ ಕಾಲುಗಳನ್ನು ನೋಡಿಕೊಳ್ಳುತ್ತಾನೆ.

ಸಂಜೆಗಳು ಮತ್ತೆ ಪರದೆಯ ಮುಂದೆ. ಕರೆಂಟು ಇದ್ದಾಗ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಬಂದಾಗ ಒಟಿಪಿ ಬರುವುದಿಲ್ಲ. ಹಳೆಯ ಕೆಲಸವೇ, ಅವಳು ತುಂಬುವ ರೀತಿ ಮಾತ್ರ ಬದಲಾಗಿದೆ. ಪ್ರತಿ ಸಾಲಿನ ಎದುರು ಅವಳ ನೋಟ್‌ಬುಕ್ಕಿನಲ್ಲಿ ಒಂದು ಮನೆಯಿದೆ.

ವಾರದ ಸಭೆ. ತಾಲ್ಲೂಕು ಆರೋಗ್ಯಾಧಿಕಾರಿಯ ಮೇಜಿನ ಮೇಲೆ ಹುಡುಗಿ ಒಂದೇ ಹಾಳೆ ಇಡುತ್ತಾಳೆ. ಎಡಕ್ಕೆ ಬೆಟ್ಟಕ್ಕೆ ಹೋದವರು, ಬಲಕ್ಕೆ ಎಣ್ಣೆ ಪಡೆದವರು. ಎರಡೂ ಕಡೆ ಇರುವ ಹೆಸರು ಬೆರಳೆಣಿಕೆ. ಕೆಳಗೆ ಮೂರು ಸಾಲು: ಬಾಟಲಿ ಗಂಡಸರ ಕೈಗೆ ಹೋಗುತ್ತಿದೆ, ಕಾಡಿಗೆ ಹೆಂಗಸರು ಹೋಗುತ್ತಿದ್ದಾರೆ, ಹಲವು ಮನೆಗಳಲ್ಲಿ ಸೀಲು ಒಡೆದಿಲ್ಲ.

"ಹಂಚಿಕೆ ಗುರಿ ಪೂರ್ತಿ ಆಗಿದೆಯಲ್ಲ," ಎಂದು ಯಾರೋ ಅನ್ನುತ್ತಾರೆ. ಕಾಗದದ ಮೇಲೆ ಅದು ನಿಜ.

"ಗ್ರಾಮಸಭೆಗೆ ಬಂದೋರಿಗೆ ಕೊಟ್ವಿ ಸರ್," ಇನ್ಸ್‌ಪೆಕ್ಟರ್ ಮುಜುಗರದಲ್ಲಿ ಹೇಳುತ್ತಾರೆ. ಮರುಕ್ಷಣ ಅವರೇ, "ಸ್ತ್ರೀಶಕ್ತಿ ಸಂಘದ ವಾರದ ಸಭೆ ಅದಾವಲ್ಲ, ಉಳಿದ ಸ್ಟಾಕ್ ಅಲ್ಲಿ ಕೊಡಬೌದು. ಹಚ್ಚೋದು ಹೆಂಗೆ ಅಂತ ಅಲ್ಲೇ ತೋರ್ಸಬೇಕು" ಎನ್ನುತ್ತಾರೆ. ಆರೋಗ್ಯಾಧಿಕಾರಿ ಹಾಳೆಯ ಮೂಲೆಯಲ್ಲಿ ಹಸಿರು ಶಾಯಿಯಲ್ಲಿ ಏನೋ ಬರೆದು, ಯಾರು ಹೋಗುತ್ತೀರಿ ಎಂದು ಸುತ್ತ ನೋಡುತ್ತಾರೆ. ಎಲ್ಲರ ಕಣ್ಣೂ ಹುಡುಗಿಯ ಮೇಲೆ.

ಅಷ್ಟರಲ್ಲಿ ಪ್ರಯೋಗಾಲಯದ ವರದಿ. ಹೊಳೆ ಬದಿಯ ಮನೆಯಾಕೆಗೆ ನೆಗೆಟಿವ್. ಶಿವಮೊಗ್ಗಕ್ಕೆ ಹೋಗುವ ಮಾದರಿಗಳಲ್ಲಿ ಹೆಚ್ಚಿನವು ಹಾಗೇ ಬರುತ್ತವೆ. ಹುಡುಗ ಉಸಿರು ಬಿಡುತ್ತಾನೆ. "ಜ್ವರ ಬಿಡ್ತಾ?" ಆರೋಗ್ಯಾಧಿಕಾರಿ ಕೇಳುತ್ತಾರೆ. ಬಿಟ್ಟಿಲ್ಲ. "ಹಾಗಾದ್ರೆ ಖುಷಿ ಎಂತಕ್ಕೆ? ಇಲಿಜ್ವರಕ್ಕೆ ನೋಡಿ, ಡೆಂಗಿಗೂ ನೋಡಿ. ಎಲೈಸಾಗೆ ಇನ್ನೊಂದು ಮಾದರಿ ತಗೊಳ್ಳಿ."

ಆರೋಗ್ಯ ಕೇಂದ್ರದ ವಾರ್ಡಿನಲ್ಲಿ ಆಕೆ ಗ್ಲೂಕೋಸ್ ಹಾಕಿಸಿಕೊಂಡು ಮಲಗಿದ್ದಾಳೆ. ಮಂಚದ ಪಕ್ಕ ಪಿಯುಸಿ ಓದುವ ಮಗಳು ನಿಂತಿದ್ದಾಳೆ, ಕಾಲೇಜಿಗೆ ಹೋಗದೆ. ರಕ್ತ ತೆಗೆದು ಮುಗಿಸಿದ ಹುಡುಗ ಚೀಲದಿಂದ ಎಣ್ಣೆ ಬಾಟಲಿ ತೆಗೆದು ಅವಳಿಗೆ ಕೊಡುತ್ತಾನೆ. ಅಮ್ಮನ ಬದಲು ನಾಳೆಯಿಂದ ದರಗಿಗೆ ಹೋಗುವವಳು ಇವಳೇ ಎಂದು ಅವನಿಗೆ ಈಗಾಗಲೇ ಗೊತ್ತಾಗಿದೆ. ಕಣಕಾಲಿಂದ ಮೇಲಕ್ಕೆ, ಮೊಣಕಾಲ ಹಿಂದೆ, ಕುತ್ತಿಗೆಗೆ, ಕಣ್ಣು ಬಾಯಿಗೆ ತಾಗದ ಹಾಗೆ, ಹೊರಡುವ ಮುಂಚೆ. ನೆಲದ ಮೇಲೆ ಕೂರಬಾರದು. ಮನೆಗೆ ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರಲ್ಲಿ ನೆನೆಹಾಕಬೇಕು, ಸೋಪು ಹಚ್ಚಿ ಬಿಸಿನೀರಲ್ಲೇ ಸ್ನಾನ ಮಾಡಬೇಕು.

ಅವಳು ಎಲ್ಲಕ್ಕೂ ತಲೆ ಆಡಿಸುತ್ತ ಬಾಟಲಿಯ ಮುಚ್ಚಳ ತೆಗೆದು ಮೂಸಿ ನೋಡುತ್ತಾಳೆ.

"ಅಷ್ಟು ಬಿಸಿನೀರು ಕಾಯ್ಸಕ್ಕೂ ಬೆಟ್ಟದಿಂದನೇ ಕಟ್ಟಿಗೆ ತರಬೇಕಲ್ಲ ಡಾಕ್ಟ್ರೇ?"